ಸಂಬಳ ಒಂದೇ, ಲೆಕ್ಕ ಕೇಳುವ ಸರ್ಕಾರಗಳು ಮೂರು

ಮಾನ್ಯ ಸಂಪಾದಕರೇ,

ಸಂಬಳದ ಕಡಿತ ಅಂದರೆ ಎಷ್ಟು ಹೋಯಿತು ಅನ್ನೋದೇ ಎಲ್ಲರ ಮಾತು. ಯಾವ ಸರ್ಕಾರ, ಯಾವ ಮೊತ್ತದ ಮೇಲೆ ಹಿಡಿಯಿತು ಅಂತ ಕೇಳುವವರು ಕಡಿಮೆ. ಸಂಬಳದ ಲೆಕ್ಕ ಮಾಡುವ ನನ್ನಂಥವರಿಗೆ ನಿಜವಾದ ತಲೆನೋವು ಇರುವುದು ಅಲ್ಲೇ.

ಅಮೆರಿಕದ ಫಿಲಡೆಲ್ಫಿಯಾ ನಗರವನ್ನೇ ನೋಡಿ. ಅಲ್ಲಿನ ನೌಕರ 401(ಕೆ) ಎಂಬ ನಿವೃತ್ತಿ ಖಾತೆಗೆ ಸಂಬಳದಿಂದ ಸ್ವಲ್ಪ ಹಣ ಹಾಕುತ್ತಾನೆ ಅಂತಿಟ್ಟುಕೊಳ್ಳಿ. ಕೇಂದ್ರದ ಆದಾಯ ತೆರಿಗೆಗೆ ಆ ಹಣ ಸದ್ಯಕ್ಕೆ ಲೆಕ್ಕಕ್ಕಿಲ್ಲ. ಅದೇ ಕೇಂದ್ರದ ಸೋಷಿಯಲ್ ಸೆಕ್ಯೂರಿಟಿ ಎಂಬ ಪಿಂಚಣಿ ಯೋಜನೆಗೆ ಲೆಕ್ಕಕ್ಕಿದೆ, ಶೇ 6.2 ಹಿಡಿಯಲೇಬೇಕು. ಪೆನ್ಸಿಲ್ವೇನಿಯಾ ರಾಜ್ಯ ಅದರ ಮೇಲೆ ತೆರಿಗೆ ಹಾಕುತ್ತದೆ, ನಗರವೂ ಹಾಕುತ್ತದೆ. ನದಿಯಾಚೆಯ ನ್ಯೂಜೆರ್ಸಿ ರಾಜ್ಯ ಹಾಕುವುದಿಲ್ಲ! ಒಂದೇ ಹಣ, ಒಬ್ಬೊಬ್ಬರ ಕಣ್ಣಿಗೆ ಒಂದೊಂದು ತರ.

ತೆರಿಗೆ ಬಿಟ್ಟು ಉಳಿದ ನಿಯಮಗಳೂ ಹೀಗೇ. ಅಲ್ಲಿನ 1938ರ ಕೇಂದ್ರ ಕಾನೂನು ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ ಕೊಡಿ ಅನ್ನುತ್ತದೆ. ಕ್ಯಾಲಿಫೋರ್ನಿಯಾ ದಿನಕ್ಕೆ 8 ಗಂಟೆ ದಾಟಿದರೇ ಕೊಡಿ ಅನ್ನುತ್ತದೆ. ಇದು ತಪ್ಪಲ್ಲ. ಕಾರ್ಮಿಕರಿಗೆ ಜಾಸ್ತಿ ಕೊಡಿಸಲು ರಾಜ್ಯಕ್ಕೆ ಅವಕಾಶ ಇರಲೇಬೇಕು. ಆದರೆ ಅದೇ ಕೇಂದ್ರ ಕಾನೂನು ಮಾಲೀಕ ಲೆಕ್ಕದ ಪುಸ್ತಕ ಇಡಬೇಕು ಅನ್ನುತ್ತದೆಯೇ ಹೊರತು, ನೌಕರನಿಗೆ ಸಂಬಳದ ಚೀಟಿ ಕೊಡಬೇಕು ಅನ್ನುವುದಿಲ್ಲ. ಅದು ರಾಜ್ಯಗಳ ಇಷ್ಟಕ್ಕೆ ಬಿಟ್ಟಿದ್ದು. ನನಗೆ ಇದು ಸರಿ ಕಾಣುವುದಿಲ್ಲ.

ನಮ್ಮಲ್ಲೇನು ಕಡಿಮೆಯೇ? ಪಿಎಫ್, ಇಎಸ್‌ಐ (ನೌಕರರ ವಿಮೆ), ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ) ಕೇಂದ್ರದ ಕಾನೂನು. ವೃತ್ತಿ ತೆರಿಗೆ ಹಾಕುವ ಅಧಿಕಾರ ರಾಜ್ಯದ್ದು. ತಮಿಳುನಾಡು, ಕೇರಳದಲ್ಲಿ ಅದನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡುತ್ತವೆ, ದೆಹಲಿಯಲ್ಲಿ ಆ ತೆರಿಗೆಯೇ ಇಲ್ಲ. ಸಂವಿಧಾನದ 276ನೇ ವಿಧಿ ಅದಕ್ಕೆ ವರ್ಷಕ್ಕೆ 2,500 ರೂಪಾಯಿ ಮಿತಿ ಹಾಕಿದೆ. ಆ ಮಿತಿ ಮುಟ್ಟಲು ಮಹಾರಾಷ್ಟ್ರ ಮತ್ತು ಕರ್ನಾಟಕ 11 ತಿಂಗಳು 200 ಹಿಡಿದು ಫೆಬ್ರುವರಿಯಲ್ಲಿ ಮಾತ್ರ 300 ಹಿಡಿಯುತ್ತವೆ. ವರ್ಷದಲ್ಲಿ ದಿನ ಕಡಿಮೆ ಇರುವ ತಿಂಗಳಲ್ಲೇ ಕಡಿತ ಜಾಸ್ತಿ!

ಸಾಫ್ಟ್‌ವೇರ್ ಇದೆಯಲ್ಲ, ಅದು ನೋಡಿಕೊಳ್ಳುತ್ತೆ ಬಿಡಿ ಅಂತ ಹೇಳುವುದು ಸುಲಭ. ನಿಯಮ ಬದಲಾಗಿದೆ ಅಂತ ಅದಕ್ಕೆ ಯಾರೋ ಹೇಳಿಕೊಡಬೇಕಲ್ವಾ? ಹತ್ತು ಜನ ಕೆಲಸಗಾರರಿರುವ ಮಾಲೀಕನಿಗೆ ಆ ಖರ್ಚೂ ಭಾರವೇ.

ಎಲ್ಲ ಅಧಿಕಾರ ಒಂದೇ ಸರ್ಕಾರಕ್ಕೆ ಕೊಡಿ ಅಂತ ನಾನು ಹೇಳುತ್ತಿಲ್ಲ. ದರ ಬೇರೆ ಬೇರೆ ಇರಲಿ. ಯಾವ ಹಣ ವೇತನಕ್ಕೆ ಸೇರುತ್ತದೆ ಅನ್ನೋದು ಮಾತ್ರ ಎಲ್ಲರಿಗೂ ಒಂದೇ ಇರಲಿ. ಇದು ಆಗದ ಮಾತಲ್ಲ. ಆಸ್ಟ್ರೇಲಿಯಾದಲ್ಲಿ ಮಾಲೀಕರು ಕೊಡುವ ಸಂಬಳದ ಮೊತ್ತದ ಮೇಲೆ ರಾಜ್ಯಗಳು ತೆರಿಗೆ ಹಾಕುತ್ತವೆ. 2007ರಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ಇದಕ್ಕೆ ಹೆಚ್ಚುಕಡಿಮೆ ಒಂದೇ ಕಾನೂನು ಮಾಡಿಕೊಂಡವು. ದರ ಮತ್ತು ತೆರಿಗೆ ಶುರುವಾಗುವ ಮಿತಿ ಮಾತ್ರ ಅವರವರದು. ಇನ್ನು 2018ರಿಂದ ಅಲ್ಲಿನ ಮಾಲೀಕರು ಸಂಬಳ ಕೊಟ್ಟಾಗಲೇ ಅದರ ವಿವರ ಕೇಂದ್ರ ತೆರಿಗೆ ಕಚೇರಿಗೆ ಕಳಿಸುತ್ತಾರೆ. ದೊಡ್ಡ ಸಂಸ್ಥೆಗಳಿಂದ ಶುರುವಾಗಿ ಮರುವರ್ಷ ಸಣ್ಣವರಿಗೂ ಬಂತು.

ನಮ್ಮ 2019ರ ವೇತನ ಸಂಹಿತೆಯೂ ಅದೇ ದಾರಿಯಲ್ಲಿ ಒಂದು ಹೆಜ್ಜೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ್ದು ವೇತನಕ್ಕೇ ಸೇರುತ್ತದೆ. ಜಾರಿಗೆ ಬರಲು 2025ರ ನವೆಂಬರ್‌ವರೆಗೆ ಕಾಯಬೇಕಾಯಿತು ಅನ್ನೋದು ಬೇರೆ ಮಾತು. ಆದಾಯ ತೆರಿಗೆ, ವೃತ್ತಿ ತೆರಿಗೆಯ ಲೆಕ್ಕ ಇನ್ನೂ ಅದರ ಹೊರಗೇ ಇದೆ.

ಆ ಎರಡು ತೆರಿಗೆಗಳ ಲೆಕ್ಕವೂ ಇದರೊಳಗೆ ಸೇರುವವರೆಗೆ ಒಂದು ಸಣ್ಣ ಕೆಲಸವನ್ನಾದರೂ ಮಾಡಬಹುದು. ಸಂಬಳದ ಚೀಟಿಯಲ್ಲಿ ಪ್ರತಿ ಕಡಿತದ ಪಕ್ಕ ಅದು ಯಾವ ಸರ್ಕಾರಕ್ಕೆ ಹೋಯಿತು, ಎಷ್ಟು ಮೊತ್ತದ ಮೇಲೆ ಹಿಡಿದದ್ದು ಅಂತ ಬರೆಯುವುದು ಕಡ್ಡಾಯವಾಗಲಿ. ಮಾಲೀಕರ ಹತ್ತಿರ ಆ ಅಂಕಿ ಹೇಗೂ ಇರುತ್ತದೆ.

ಇಂತಿ,
ಸಂಬಳದ ಲೆಕ್ಕ ನೋಡುವ ಓದುಗ