ಹಾಡಿನ ಜೊತೆ ಎರಡು ಸಾಲು ಬರೆಯಿರಿ

ಗೆಳೆಯರೇ, ಈ ವಾರ ನಮ್ಮ ಸಂಗೀತದ ಗುಂಪಿಗೆ ಒಳ್ಳೊಳ್ಳೆ ರೆಕಾರ್ಡಿಂಗ್‌ಗಳು ಬಂದಿವೆ. ಆದರೆ ಸುಮ್ನೆ ಲಿಂಕ್ ಹಾಕಿ ಬಿಡಬೇಡಿ. ಯಾವ ರಾಗ, ತಬಲಾ ಯಾರದು, ಕೇಳಿ ನಿಮಗೇನನ್ನಿಸಿತು ಅಂತಲೂ ಬರೆಯಿರಿ.

ನಿನ್ನೆ ರಾತ್ರಿ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹಳೆಯ ಹಾಡುಗಳ ಸಂಗ್ರಹ ಕೇಳಿದೆ. ಮೊದಮೊದಲ ರೆಕಾರ್ಡುಗಳ ಮೇಲೆ ಅವರ ಹೆಸರು ಗಾಂಧಾರಿ ಹಾನಗಲ್ ಅಂತಿತ್ತು. ಆಗ ದನಿ ಎಷ್ಟು ತೆಳು! ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ಅದು ನಮಗೆ ಗೊತ್ತಿರುವ ಗಡಸು ದನಿಯಾಯಿತು. ಹಳೆಯ ರೆಕಾರ್ಡಿನ ಒಂದು ಬದಿಗೆ ಸುಮಾರು ಮೂರು ನಿಮಿಷ. ಅಷ್ಟರಲ್ಲೇ ರಾಗ ಎದುರು ಬಂದು ನಿಲ್ಲುತ್ತದೆ. ಎರಡೂ ಕಾಲದ ಹಾಡು ಒಂದರ ಹಿಂದೊಂದು ಕೇಳಿ ನೋಡಿ.

ನಾವು ಮಿರಜದವರು ಪುಣ್ಯವಂತರು, ಅಲ್ವಾ? ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರು. ಆ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರ ಸಮಾಧಿ ಇಲ್ಲೇ ಮೀರಾಸಾಹೇಬ ದರ್ಗಾದಲ್ಲಿದೆ. ಕಳೆದ ಸಲ ಉರುಸಿನ ಸಂಗೀತದಲ್ಲಿ ಬೆಳಗಿನ ತೋಡಿ ರಾಗ ಕೇಳುತ್ತಾ ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು. ಹಿಂದೆ ಮಿಡಿಯುತ್ತಿದ್ದದ್ದು ನಮ್ಮೂರಲ್ಲೇ ಮಾಡಿದ ತಂಬೂರಿ.

ಈ ಸಲ ಹೋದವರು ಮರೆಯುವ ಮೊದಲೇ ಬರೆಯಿರಿ. ಕಲಾವಿದರ ಒಪ್ಪಿಗೆ ಇಲ್ಲದೆ ಮೊಬೈಲಿನಲ್ಲಿ ಹಿಡಿದದ್ದನ್ನು ಮಾತ್ರ ದಯವಿಟ್ಟು ಇಲ್ಲಿ ಹಾಕಬೇಡಿ.