ಅಂಗನವಾಡಿ ಸಭೆ ಸಂಜೆ ಏಳಕ್ಕೆ ಇರಲಿ

ಗದಗ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಗದಗ ತಾಲೂಕಿನ ಒಂದು ಹಳ್ಳಿಯವಳು. ನಮ್ಮೂರ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ನನ್ನ ಹೆಸರಿದೆ. ಮಕ್ಕಳ ಊಟ, ಮೊಟ್ಟೆ, ತೂಕ ಎಲ್ಲದರ ಮೇಲೆ ಕಣ್ಣಿಡುವುದು ಸಮಿತಿಯ ಕೆಲಸ. ಆದರೆ ಸಭೆ ನಡೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ನಾವೆಲ್ಲ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತೇವೆ. ಸಂಜೆ ಮನೆಗೆ ಸಭೆಯ ಪುಸ್ತಕ ಬರುತ್ತದೆ, ಸಹಿ ಹಾಕುತ್ತೇವೆ. ಅಕ್ಕೋರ ಮೇಲೆ, ಅಂದರೆ ಅಂಗನವಾಡಿ ಕಾರ್ಯಕರ್ತೆಯ ಮೇಲೆ, ದೂರಿಲ್ಲ. ಮಕ್ಕಳಿಗೆ ಕಲಿಸಬೇಕು, ತೂಕ ಮಾಡಬೇಕು, ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮಕ್ಕಳ ವಿವರ ತುಂಬಬೇಕು. ಅವರಿಗೆ ಇರುವುದು ಎರಡೇ ಕೈ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ನಡೆಯಿತಲ್ಲ, ಅದರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಓಣಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಜೊತೆಯ ಮಕ್ಕಳೂ ಅಷ್ಟೇ ಎತ್ತರ ಇರುತ್ತವೆ. "ಅವರಪ್ಪನೂ ಗಿಡ್ಡ" ಅಂತ ಸುಮ್ನಾಗುತ್ತೇವೆ. ಅಂಗನವಾಡಿಯ ಪುಸ್ತಕದಲ್ಲಿ ಬರೆದ ತೂಕ, ಎತ್ತರವನ್ನು ತಾಯಿಗೆ ಕೂತು ವಿವರಿಸಿ ಹೇಳದಿದ್ದರೆ ಅವಳಿಗೆ ಗೊತ್ತಾಗುವುದು ಹೇಗೆ?

ನಮ್ಮ ಪಕ್ಕದ ಮನೆಯ ಮಗುವಿನದು ಹೇಳುತ್ತೇನೆ. ತೋಳಿಗೆ ಟೇಪು ಸುತ್ತಿದರು, ಕೆಂಪು ಬಂತು. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಇಂಥ ಮಕ್ಕಳಿಗೆ ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ತಾಯಿಯೂ ಮಗುವಿನ ಜೊತೆ ಇರಬೇಕು ಅಂದರು. ಆಕೆ ಒಲ್ಲೆ ಅಂದಳು. ಮೂರು ಸಲ ಬಂದು ಹೇಳಿದರೂ ಒಲ್ಲೆ ಅಂದಳು. ಹಠಮಾರಿ ಅಂತ ಮಾತು ಹೊರಟಿತು. ಹಠ ಅಲ್ಲ ಸರ್. ಮನೆಯಲ್ಲಿ ಆರು ವರ್ಷದ ಇನ್ನೊಂದು ಹುಡುಗಿ, ಹಾಲು ಕೊಡುವ ಎಮ್ಮೆ. ಗಂಡ ದುಡಿಯಲು ಗೋವಾಕ್ಕೆ ಹೋಗಿದ್ದ. ಆ ರಾತ್ರಿ ನಾವು ಐದು ಜನ ಹೆಂಗಸರು ಕಟ್ಟೆ ಮೇಲೆ ಕೂತು ಮಾತಾಡಿದೆವು. ಹುಡುಗಿ ನಮ್ಮ ಮನೆಯಲ್ಲಿ ಉಂಡಳು, ಮಲಗಿದಳು. ಎಮ್ಮೆ ಹಿಂಡುವುದು ಎದುರು ಮನೆಯ ಅಜ್ಜಿಯ ಪಾಲಿಗೆ ಬಂತು. ಮರುದಿನವೇ ಆಕೆ ಮಗುವನ್ನು ಕಟ್ಟಿಕೊಂಡು ಬಸ್ ಹತ್ತಿದಳು. ಮಗು ಈಗ ಓಡಾಡುತ್ತಿದೆ.

"ನಿನಗೆ ಹೋಗಲು ಏನು ಅಡ್ಡಿ?" ಅಂತ ಯಾವ ಸಭೆಯೂ ಆಕೆಯನ್ನು ಕೇಳಿರಲಿಲ್ಲ. ಅದನ್ನು ಕೇಳುವ ಸಭೆ ನಮಗೆ ಬೇಕು.

ಆ ಸಭೆಗೆ ಅಜ್ಜಿಯರನ್ನೂ ಕರೆಯಿರಿ. ತಾಯಿ ಹೊಲಕ್ಕೆ ಹೋದ ಮೇಲೆ ಸಣ್ಣ ಮಗುವಿಗೆ ಉಣ್ಣಿಸುವವರು ಅವರೇ ಅಲ್ವಾ? ಮೂರು ವರ್ಷದೊಳಗಿನ ಮಕ್ಕಳ ಆಹಾರ ಮನೆಗೇ ಬರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅದನ್ನು ಎಲ್ಲರೂ ಹಂಚಿ ತಿನ್ನುತ್ತೇವೆ, ಮಗುವಿಗೆ ಉಳಿಯುವುದು ಎರಡು ಮೂರು ದಿನದ್ದು. ತಾಯಿ ಒಬ್ಬಳಿಗೇ ಬುದ್ಧಿ ಹೇಳಿದರೆ ಇದು ಬದಲಾಗದು.

ಕೂಡಿ ಕೆಲಸ ಮಾಡುವುದು ಈ ಜಿಲ್ಲೆಗೆ ಹೊಸದಲ್ಲ. ಇಲ್ಲೇ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಸಹಕಾರ ಸಂಘ ಅಂದರೆ ಅದರ ಲೆಕ್ಕ ಸದಸ್ಯರಿಗೂ ಗೊತ್ತಿರಬೇಕು. 2013ರ ಆಹಾರ ಭದ್ರತಾ ಕಾಯ್ದೆಯೂ ಸಾಮಾಜಿಕ ಲೆಕ್ಕಪರಿಶೋಧನೆ, ಅಂದರೆ ಜನರೇ ಕೂಡಿ ಲೆಕ್ಕ ನೋಡುವುದು, ಆಗಬೇಕು ಅನ್ನುತ್ತದೆ. ಅಂಗನವಾಡಿಗೆ ಏನು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ನಮ್ಮೆದುರು ಗಟ್ಟಿಯಾಗಿ ಓದಿಸಿ. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಬರುತ್ತದಲ್ಲ, ಅದರ ಲೆಕ್ಕವನ್ನೂ ಓದಿಸಿ. ಮಕ್ಕಳ ತೂಕವನ್ನು ಮಾತ್ರ ಹೀಗೆ ಓದುವುದು ಬೇಡ. ಅದನ್ನು ಆಯಾ ಮನೆಯವರಿಗೆ ಬೇರೆಯಾಗಿ ಹೇಳಲಿ.

ತಿಂಗಳಿಗೆ ಒಂದು ಸಭೆ, ಸಂಜೆ ಏಳಕ್ಕೆ. ಇಷ್ಟು ಆದೇಶ ಮಾಡಿಸಿ. ಆ ದಿನ ಅಕ್ಕೋರಿಗೆ ಮಧ್ಯಾಹ್ನ ಬಿಡುವು ಕೊಡಿಸಿ. ಮೊದಲ ಸಭೆಗೆ ನೀವೂ ಬನ್ನಿ. ನಮ್ಮ ಅಂಗನವಾಡಿಯಲ್ಲಿ ಬಲ್ಬು ಇಲ್ಲ. ಅದನ್ನು ನಾವೇ ಹಾಕಿಸುತ್ತೇವೆ.

ಇಂತಿ,
ಬಾಲವಿಕಾಸ ಸಮಿತಿಯ ಒಬ್ಬ ಸದಸ್ಯೆ