ಆ ವಾಸನೆಯ ಮಾತು ಓದಿದ ಮೇಲೆ

ಚಿ. ಸೋದರಳಿಯನಿಗೆ, ಮಾವನ ಆಶೀರ್ವಾದ.

ನಿನ್ನ ಕಾಗದ ಬಂತು. ಊರ ಸಮಾಚಾರವೆಲ್ಲ ನಿಮ್ಮಮ್ಮ ಹೇಳಿರ್ತಾಳೆ, ಅದನ್ನ ಬರೆಯಲ್ಲ. ಕೊನೇಲಿ ನೀನು ತಗೋಬೇಕು ಅಂತಿರೋ ಹಳೇ ಆಲ್ಟೊ ಕಾರಿನ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, "ಗ್ಯಾಸ್ ಕಿಟ್ ಹೊರಗಡೆ ಹಾಕಿಸಿದ್ದಂತೆ, ಆರ್‌ಸಿಗೆ ಹತ್ತಿಸಿಲ್ಲ, ಬಿಸಿಲಲ್ಲಿ ನಿಂತಾಗ ಒಂಚೂರು ವಾಸನೆ ಬರುತ್ತೆ ಅಷ್ಟೇ" ಅಂತ. ಅದನ್ನ ಓದಿದಾಗಿನಿಂದ ನನಗೆ ಊಟ ಸೇರ್ತಿಲ್ಲ.

ನಿನ್ನ ಲೆಕ್ಕ ತಪ್ಪು ಅಂತ ನಾನು ಹೇಳಲ್ಲ. ತುಮಕೂರಿಂದ ಪೀಣ್ಯಕ್ಕೆ ಹೋಗಿ ಬರೋಕೆ ಹತ್ತಿರ ಹತ್ತಿರ 120 ಕಿಲೋಮೀಟರ್. ಪೆಟ್ರೋಲ್ ನೂರು ದಾಟಿದೆ. ಸಿಎನ್‌ಜಿ, ಅಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲ, ಆದರೆ ದಿನಕ್ಕೆ ಇನ್ನೂರು ರೂಪಾಯಿ ಉಳಿಯುತ್ತೆ ಅನ್ನೋದು ನಿಜ. ಹಳೇ ಆಲ್ಟೊ ತಗೊಳ್ಳೋದೂ ಒಳ್ಳೇ ಯೋಚನೆಯೇ, ಅದರ ಸಾಮಾನು ಯಾವ ಹಳ್ಳಿ ಅಂಗಡೀಲಾದರೂ ಸಿಗುತ್ತೆ. ನನ್ನ ಭಯ ಕಾರಿನದಲ್ಲ, ಆ ವಾಸನೆಯದು.

ನನ್ನ ಓಮ್ನಿ ವ್ಯಾನು ನಿನಗೆ ನೆನಪಿರಲಿಕ್ಕಿಲ್ಲ. 1998ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಗುಬ್ಬೀಲಿ ಸ್ಕೂಲ್ ಮಕ್ಕಳನ್ನ ಬಿಡ್ತಿದ್ದೆ. ವಾಹನಕ್ಕೆ ಎಲ್‌ಪಿಜಿ ಗ್ಯಾಸ್ ಹಾಕೋದಕ್ಕೆ ಸರ್ಕಾರದ ನಿಯಮ ಬಂದಿದ್ದೇ 2001ರಲ್ಲಿ, ಅಲ್ಲೀವರೆಗೆ ಎಲ್ಲರೂ ಕದ್ದುಮುಚ್ಚಿ ಮಾಡ್ತಿದ್ದರು. ನಾನೂ ಹಿಂದಿನ ಸೀಟಿನ ಕೆಳಗೆ ಅಡುಗೆ ಮನೆ ಸಿಲಿಂಡರ್ ಅಡ್ಡ ಮಲಗಿಸಿದ್ದೆ. ಅದರ ಮೇಲೆ ಎಂಟು ಮಕ್ಕಳು. ಒಂದಿನ ಮಧ್ಯಾಹ್ನ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು "ಅಂಕಲ್, ನಮ್ಮ ಅಡುಗೆ ಮನೆ ವಾಸನೆ" ಅಂದಳು. ನನ್ನ ಮೂಗಿಗೆ ಏನೂ ಗೊತ್ತಾಗಿರಲಿಲ್ಲ, ದಿನಾ ಆ ವಾಸನೆ ಕುಡಿದೂ ಕುಡಿದೂ ಒಗ್ಗಿಹೋಗಿತ್ತು. ಗಾಡಿ ನಿಲ್ಲಿಸಿ ಸೀಟು ಎತ್ತಿದೆ. ಹೊರಗೆ ಸುಡು ಬಿಸಿಲು, ಪೈಪಿನ ಜಾಯಿಂಟ್ ಮೇಲೆ ಮಾತ್ರ ಉಪ್ಪು ಉದುರಿಸಿದ ಹಾಗೆ ಬೆಳ್ಳಗೆ ಮಂಜು ಕಟ್ಟಿತ್ತು. ಮಕ್ಕಳನ್ನ ಹುಣಸೆ ಮರದ ಕೆಳಗೆ ಇಳಿಸಿದೆ. ಕೈ ನಡುಗ್ತಿತ್ತು.

ಏನೂ ಆಗಲಿಲ್ಲ ಮಗಾ. ಆಗಲಿಲ್ಲ ಅಂತಲೇ ನಾನು ಕೆಟ್ಟೆ. ಕ್ಲ್ಯಾಂಪ್ ಬಿಗಿ ಮಾಡಿಸಿ ಇನ್ನೊಂದು ವರ್ಷ ಅದೇ ಗಾಡಿ ಓಡಿಸಿದೆ.

ನೀನು ಹುಟ್ಟೋ ದಿನ ನಿಮ್ಮಮ್ಮನಿಗೆ ರಾತ್ರಿ ನೋವು ಬಂತು. ತುಮಕೂರಿನ ಆಸ್ಪತ್ರೆಗೆ ಅದೇ ಓಮ್ನೀಲಿ, ಅದೇ ಸೀಟಿನ ಮೇಲೆ ಕರ್ಕೊಂಡು ಹೋದೆ. ಚಳಿ ಅಂತ ಗಾಜು ಏರಿಸಿದ್ದೆ. ದಾರಿಯುದ್ದಕ್ಕೂ ಅವಳು "ತಮ್ಮ, ಹೊಟ್ಟೆ ತೊಳಸುತ್ತೆ ಕಣೋ" ಅಂತಿದ್ದಳು. ಅದು ಹೆರಿಗೆ ನೋವಿಗೋ, ಗ್ಯಾಸಿಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವಳಿಗೆ ಈ ವಿಷಯ ಹೇಳೋ ಧೈರ್ಯ ಇಷ್ಟು ವರ್ಷವಾದರೂ ಬಂದಿಲ್ಲ. ನಿನಗೇ ಮೊದಲು ಬರೀತಿರೋದು.

"ನನ್ನದು ಸಿಎನ್‌ಜಿ ಮಾವ, ಗಾಳಿಗಿಂತ ಹಗುರ, ಮೇಲೇರಿ ಹೋಗುತ್ತೆ" ಅಂತೀಯ. ಬಯಲಲ್ಲಾದರೆ ಹೋಗುತ್ತೆ. ಗಾಜು ಏರಿಸಿಟ್ಟ ಕಾರಿನೊಳಗೆ ಎಲ್ಲಿಗೆ ಹೋಗುತ್ತೆ ಹೇಳು? ಟೈರಿಗೆ ಮೂವತ್ತು ಚಿಲ್ಲರೆ ಪಿಎಸ್‌ಐ ಒತ್ತಡದ ಗಾಳಿ ಹಾಕಿಸ್ತೀವಿ. ಆ ಸಿಲಿಂಡರ್ ತುಂಬಿದಾಗ ಒಳಗಿರೋದು 200 ಬಾರ್ ಒತ್ತಡ, ಅಂದರೆ ಸುಮಾರು 2,900 ಪಿಎಸ್‌ಐ. ಅದನ್ನ ಡಿಕ್ಕೀಲಿಟ್ಟು ಹಿಂದಿನ ಸೀಟಲ್ಲಿ ಮಗು ಮಲಗಿಸ್ತೀಯಾ?

ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ, ಆದರೂ ಕೇಳು. ಗ್ಯಾಸ್ ಗಾಡಿಯೇ ಬೇಕು ಅಂದರೆ ಕಂಪನಿಯಿಂದಲೇ ಕಿಟ್ ಕೂತು ಬಂದಿರೋದು ಹುಡುಕು. ಆರ್‌ಸೀಲಿ ಇಂಧನ ಅನ್ನೋ ಕಡೆ ಸಿಎನ್‌ಜಿ ಅಂತ ಇರಬೇಕು, ಇನ್ಶೂರೆನ್ಸಲ್ಲೂ ಇರಬೇಕು. ಇಲ್ಲದಿದ್ದರೆ ನಾಳೆ ಏನಾದರೂ ಆದಾಗ ಅದೇ ನೆಪ ಹೇಳಿ ಕ್ಲೈಮ್ ತಳ್ಳಿಹಾಕ್ತಾರೆ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಆಗಬೇಕು, ಆ ತಾರೀಖು ನೋಡು. ಇಷ್ಟೆಲ್ಲ ಸರಿಯಿದ್ದರೂ ವಾಸನೆ ಬಂದರೆ ಬೇಡ.

ಬರೀ ಪೆಟ್ರೋಲ್ ಆಲ್ಟೊ ಆದರೂ ಸಾಕಲ್ಲವೇನೋ. ಹೊಸ ಮಾಲಿನ್ಯ ನಿಯಮದ ಬಿಎಸ್ 6 ಆಲ್ಟೊ 800ಕ್ಕೆ ಲೀಟರಿಗೆ 22.05 ಕಿಲೋಮೀಟರ್ ಅಂತ ಕಂಪನಿ ಹೇಳಿತ್ತು. ರಸ್ತೇಲಿ ಅಷ್ಟು ಕೊಡಲ್ಲ, ಆದರೆ ನೆಲಮಂಗಲದ ಹೈವೇಲಿ ಎಂಬತ್ತು ದಾಟಿಸದೆ ಹೋದರೆ ಹತ್ತಿರ ಬರುತ್ತೆ. ದುಡ್ಡು ಕೊಡೋ ದಿನವೇ ಗಾಡಿ ನಿನ್ನ ಹೆಸರಿಗೆ ಮಾಡಿಸೋ 29, 30ನೇ ನಮೂನೆಗೆ ಮಾರೋನ ಸಹಿ ಹಾಕಿಸ್ಕೊ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿ ನೋಡು. ಇನ್ನೂ ಏನೋ ಹೇಳಬೇಕಿತ್ತು, ಮನಸ್ಸು ಮತ್ತೆ ಮತ್ತೆ ಆ ಡಿಕ್ಕಿ ಹತ್ತಿರವೇ ಹೋಗುತ್ತೆ.

ಅಡ್ವಾನ್ಸ್ 5,000 ಕೊಟ್ಟಿದ್ದೀನಿ ಅಂತ ಬರೆದಿದ್ದೀಯ. ವಾಪಸ್ ಬರದಿದ್ದರೆ ಹೋಗಲಿ ಬಿಡು, ಅಷ್ಟನ್ನ ನಾನು ಕಳಿಸ್ತೀನಿ. ಇದನ್ನ ಓದಿದ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ಇತಿ,
ನಿನ್ನ ಮಾವ